ಆಯ್ಕೆಯಾಗದವನ ಕಾವಲು

ಬಾಸ್ಕೆಟ್‌ಬಾಲ್ ಆಟಗಾರ ಲೂ ಡಾರ್ಟ್ ಆಡಿದ ಪಂದ್ಯದ ಅಂಕಪಟ್ಟಿ ಸಿಕ್ಕಾಗ ನಾನು ಮೊದಲು ಹುಡುಕುವುದು ಅವನ ಹೆಸರನ್ನಲ್ಲ, ಎದುರಾಳಿ ತಂಡದ ಮುಖ್ಯ ಆಟಗಾರನ ಹೆಸರನ್ನು. ಆತ ಎಷ್ಟು ಬಾರಿ ಬುಟ್ಟಿಯತ್ತ ಎಸೆದ, ಅದರಲ್ಲಿ ಎಷ್ಟು ಒಳಗೆ ಬಿದ್ದವು, ಎಷ್ಟು ಬಾರಿ ಚೆಂಡನ್ನು ಕಳೆದುಕೊಂಡ, ಎದುರಾಳಿಯ ಫೌಲ್‌ನಿಂದ ಸಿಗುವ ತಡೆಯಿಲ್ಲದ ಎಸೆತಗಳನ್ನು, ಅಂದರೆ ಫ್ರೀ ಥ್ರೋಗಳನ್ನು, ಎಷ್ಟು ಪಡೆದ ಎಂಬುದನ್ನು ನೋಡಿದ ಮೇಲೆಯೇ ಡಾರ್ಟ್ ಆ ರಾತ್ರಿ ಏನು ಮಾಡಿದ ಎಂಬುದು ಸ್ವಲ್ಪವಾದರೂ ತಿಳಿಯುತ್ತದೆ. ಅವನ ದುಡಿಮೆಯ ಬಹುಪಾಲು ಇನ್ನೊಬ್ಬನ ಹೆಸರಿನ ಮುಂದೆ ದಾಖಲಾಗಿರುತ್ತದೆ, ಅದೂ ಆಗದೆ ಹೋದ ಸಂಗತಿಗಳ ರೂಪದಲ್ಲಿ. ಹೀಗೆ ಓದುವುದನ್ನು ನನಗೆ ಕಲಿಸಿದ್ದು 2020ರ ಒಂದು ಸರಣಿ. ಆ ಸರಣಿಯಲ್ಲಿ ಡಾರ್ಟ್‌ನ ತಂಡ ಸೋತಿತು. ಆದರೂ ಒಬ್ಬ ರಕ್ಷಣಾ ಆಟಗಾರ ತನ್ನ ಯೋಗ್ಯತೆಯನ್ನು ಅಷ್ಟು ನಿಚ್ಚಳವಾಗಿ ತೋರಿಸಿಕೊಟ್ಟದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಡ್ರಾಫ್ಟ್‌ನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಪ್ರತಿ ವರ್ಷ 30 ತಂಡಗಳು ಎರಡು ಸುತ್ತುಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. 2019ರಲ್ಲಿ ಹಾಗೆ 60 ಹೆಸರುಗಳನ್ನು ಕೂಗಲಾಯಿತು, ಮೊದಲ ಹೆಸರು ಜಯಾನ್ ವಿಲಿಯಮ್ಸನ್‌ನದು. ಅರವತ್ತರಲ್ಲಿ ಎಲ್ಲಿಯೂ ಲುಗೆಂಟ್ಸ್ ಡಾರ್ಟ್ ಎಂಬ ಲೂನ ಪೂರ್ಣ ಹೆಸರು ಕೇಳಿಬರಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೈಟಿ ಮೂಲದ ಕುಟುಂಬದಲ್ಲಿ ಬೆಳೆದ ಈ ಹುಡುಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಒಂದೇ ಋತು ಆಡಿ, ಪಂದ್ಯವೊಂದಕ್ಕೆ ಸರಾಸರಿ 16 ಅಂಕ ಗಳಿಸಿ, ವಿಶ್ವವಿದ್ಯಾಲಯ ತಂಡಗಳ ಪ್ಯಾಕ್-12 ಕೂಟದ ಅತ್ಯುತ್ತಮ ಪ್ರಥಮ ವರ್ಷದ ಆಟಗಾರ ಎನ್ನಿಸಿಕೊಂಡಿದ್ದ. ಅಷ್ಟಿದ್ದೂ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವೇನಲ್ಲ. ದೂರದಿಂದ ಎಸೆದ ಚೆಂಡುಗಳಲ್ಲಿ ಮೂರನೆಯ ಒಂದು ಭಾಗವೂ ಬುಟ್ಟಿ ಸೇರುತ್ತಿರಲಿಲ್ಲ, ಅವಸರದ ಎಸೆತಗಳು ಹೆಚ್ಚಾಗಿದ್ದವು. ತಂಡಗಳು ಒಬ್ಬ ಗಾರ್ಡ್‌ನಲ್ಲಿ, ಅಂದರೆ ಬುಟ್ಟಿಯಿಂದ ದೂರದಲ್ಲಿ ಆಡುವ ಆಟಗಾರನಲ್ಲಿ, ಮೊದಲು ಹುಡುಕುವುದು ಎಸೆತಗಾರಿಕೆಯನ್ನು, ಅದರಲ್ಲಿ ಅವನು ಕಡಿಮೆ ಬಿದ್ದ. ಅವನ ಭುಜ, ತೊಡೆ, ಕಾಲುಗಳಲ್ಲಿ ಇದ್ದದ್ದಕ್ಕೆ ಆ ಲೆಕ್ಕದಲ್ಲಿ ಹೆಚ್ಚಿನ ಬೆಲೆ ಇರಲಿಲ್ಲ.

ಡ್ರಾಫ್ಟ್ ಮುಗಿದ ಮೇಲೆ ಓಕ್ಲಹೋಮ ಸಿಟಿ ಥಂಡರ್ ತಂಡ ಅವನಿಗೆ ಟೂ-ವೇ ಒಪ್ಪಂದವೊಂದನ್ನು ಕೊಟ್ಟಿತು. 2017ರಲ್ಲಿ ಜಾರಿಗೆ ಬಂದ ಈ ಒಪ್ಪಂದದ ಸ್ವರೂಪವೇ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಎಂಬಂತಹದು. ಆಟಗಾರ ಬಹುಪಾಲು ಸಮಯವನ್ನು ಕೆಳಗಿನ ಜಿ ಲೀಗ್‌ನಲ್ಲಿ ಕಳೆಯಬೇಕು, ಮುಖ್ಯ ತಂಡದ ಜೊತೆ ಆಗಿನ ನಿಯಮದಂತೆ 45 ದಿನಗಳನ್ನು ಮೀರಿ ಇರುವಂತಿಲ್ಲ. ಅಂದರೆ ಚೆನ್ನಾಗಿ ಆಡಿದಷ್ಟೂ ಅವನ ದಿನಗಳು ಬೇಗ ಬೇಗ ಖರ್ಚಾಗುತ್ತವೆ. ಡಾರ್ಟ್ ಥಂಡರ್‌ನದೇ ಜಿ ಲೀಗ್ ತಂಡವಾದ ಓಕ್ಲಹೋಮ ಸಿಟಿ ಬ್ಲೂನಲ್ಲಿ ಋತುವನ್ನು ಆರಂಭಿಸಿ, 2019ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಎನ್‌ಬಿಎ ಅಂಗಳಕ್ಕಿಳಿದ. ಋತು ಮುಗಿಯುವ ಹೊತ್ತಿಗೆ 36 ಪಂದ್ಯಗಳನ್ನು ಆಡಿದ್ದ, ಅವುಗಳಲ್ಲಿ 28ರಲ್ಲಿ ಆರಂಭದ ಐವರಲ್ಲಿ ಒಬ್ಬನಾಗಿದ್ದ. ಅವನ ಸರಾಸರಿ ಗಳಿಕೆ ಪಂದ್ಯಕ್ಕೆ 7 ಅಂಕವನ್ನೂ ಮುಟ್ಟಲಿಲ್ಲ. ಅಂತಹ ಒಬ್ಬ ಹೊಸಬನನ್ನು ಕ್ರಿಸ್ ಪಾಲ್, ಶೇ ಗಿಲ್ಜಸ್-ಅಲೆಕ್ಸಾಂಡರ್, ಸ್ಟೀವನ್ ಆಡಮ್ಸ್ ಇದ್ದ ತಂಡ ಆರಂಭದಿಂದಲೇ ಆಡಿಸುತ್ತಿತ್ತು ಎಂದರೆ, ಅಂಕಪಟ್ಟಿಗೆ ಕಾಣದ ಯಾವುದನ್ನೋ ತರಬೇತುದಾರ ಬಿಲ್ಲಿ ಡಾನವನ್ ಕಂಡಿದ್ದರು ಎಂದೇ ಅರ್ಥ.

ಆ ಕಾಣದ ಕೆಲಸವನ್ನು ನಾನು ವಿಡಿಯೊಗಳಲ್ಲಿ ಚೆಂಡನ್ನು ಬಿಟ್ಟು ಕಾಲುಗಳನ್ನು ನೋಡುತ್ತ ಕಲಿತೆ. ಚೆಂಡು ಹಿಡಿದ ಆಟಗಾರ ಅಂಗಳದ ಮಧ್ಯಗೆರೆಯನ್ನು ದಾಟುತ್ತಾನೆ. ಡಾರ್ಟ್ ಅವನಿಗೆ ಮುಖಕೊಟ್ಟು, ಮೊಣಕಾಲನ್ನು ಬಗ್ಗಿಸಿ, ಒಂದು ತೋಳಿನಳತೆಗಿಂತ ಕಡಿಮೆ ದೂರದಲ್ಲಿ ನಿಲ್ಲುತ್ತಾನೆ. ಅಷ್ಟರಲ್ಲಿ ಎದುರಾಳಿಯ ಇನ್ನೊಬ್ಬ ಆಟಗಾರ ಪಕ್ಕದಲ್ಲಿ ಬಂದು ಕಂಬದಂತೆ ನಿಲ್ಲುತ್ತಾನೆ; ಇದು ಸ್ಕ್ರೀನ್. ಚೆಂಡು ಹಿಡಿದವನು ಆ ಕಂಬವನ್ನು ಒರೆಸಿಕೊಂಡೇ ಹಾದುಹೋಗುತ್ತಾನೆ, ಅವನ ಹಿಂದೆ ಬಂದ ಡಿಫೆಂಡರ್ ಕಂಬಕ್ಕೆ ಡಿಕ್ಕಿ ಹೊಡೆದು ಒಂದು ಹೆಜ್ಜೆ ಹಿಂದೆ ಬೀಳಬೇಕೆಂಬುದು ಅದರ ಉದ್ದೇಶ. ಎನ್‌ಬಿಎಯಲ್ಲಿ ಆ ಒಂದು ಹೆಜ್ಜೆ ಸಾಕು. ಡಾರ್ಟ್ ಕಂಬದ ಹಿಂಬದಿಯಿಂದ ಸುತ್ತಿ ಬರುವುದಿಲ್ಲ. ಇಬ್ಬರ ನಡುವಿನ ಕಿರಿದಾದ ಸಂದಿಗೆ ಮೊದಲು ಒಂದು ಪಾದವನ್ನು ಇಡುತ್ತಾನೆ, ಆಮೇಲೆ ಸೊಂಟವನ್ನು ತೂರಿಸುತ್ತಾನೆ, ಭುಜ ತಾನಾಗಿ ಹಿಂಬಾಲಿಸುತ್ತದೆ. ಹೀಗೆ ನುಸುಳಿ ಆಚೆ ಬಂದಾಗ ಅವನ ಎದೆ ಮತ್ತೆ ಚೆಂಡಿನ ಎದುರಿಗೇ ಇರುತ್ತದೆ. ಒಂದು ಪಂದ್ಯದಲ್ಲಿ ಇಂತಹ ಹತ್ತಾರು ಡಿಕ್ಕಿಗಳನ್ನು ಅವನು ತಿನ್ನುತ್ತಾನೆ, ಒಂದಕ್ಕೂ ಯಾರೂ ಅಂಕ ಕೊಡುವುದಿಲ್ಲ.

ಆರೂಕಾಲು ಅಡಿ ಎತ್ತರದ, ನೂರು ಕಿಲೋ ಆಸುಪಾಸಿನ ದೇಹ ಇದಕ್ಕೆ ನೆರವಾಗುತ್ತದೆ, ನಿಜ. ಆದರೆ ಬರಿಯ ಬಲ ಇದ್ದವರು ಲೀಗ್‌ನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಮೊದಲ ಹತ್ತು ನಿಮಿಷದಲ್ಲಿ ಮೂರು ಫೌಲ್ ಮಾಡಿ ಬೆಂಚಿಗೆ ಮರಳುತ್ತಾರೆ. 2004-05ರ ಋತುವಿನಿಂದ ಲೀಗ್ ಕೈಯಿಂದ ತಡೆಯುವುದನ್ನು ಬಿಗಿಯಾಗಿ ನಿಯಂತ್ರಿಸುತ್ತ ಬಂದಿದೆ. ಹಾಗಾಗಿ ಇಂದಿನ ಡಿಫೆಂಡರ್ ತನ್ನ ಕೆಲಸವನ್ನು ಕಾಲು ಮತ್ತು ಎದೆಯಿಂದಲೇ ಮಾಡಬೇಕು, ಕೈಗಳನ್ನು ರೆಫರಿಗೆ ಕಾಣುವಂತೆ ಹಿಂದಕ್ಕೆ ಇಟ್ಟುಕೊಳ್ಳಬೇಕು. ಇಷ್ಟು ಭಾರವಾದ ಮೈ ಇಷ್ಟು ಹತ್ತಿರ ನಿಂತೂ ಕೈ ಚಾಚದಿರುವುದು ದೊಡ್ಡ ಸಂಯಮದ ಕೆಲಸ, ಡಾರ್ಟ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಅದನ್ನೇ.

2020ರ ಮಾರ್ಚ್ 11ರಂದು ಓಕ್ಲಹೋಮ ಸಿಟಿಯಲ್ಲಿ ಥಂಡರ್ ಮತ್ತು ಯೂಟಾ ಜ್ಯಾಜ್ ನಡುವಿನ ಪಂದ್ಯ ಇನ್ನೇನು ಶುರುವಾಗಬೇಕು ಎನ್ನುವಾಗ, ಯೂಟಾದ ರೂಡಿ ಗೋಬೇರ್‌ಗೆ ಕೋವಿಡ್ ತಗುಲಿರುವುದು ತಿಳಿದು ಪಂದ್ಯವನ್ನು ನಿಲ್ಲಿಸಲಾಯಿತು, ಅದರ ಬೆನ್ನಲ್ಲೇ ಇಡೀ ಲೀಗ್ ನಿಂತಿತು. ಆ ಬಿಡುವಿನ ಕೊನೆಯಲ್ಲಿ, ಜೂನ್ ತಿಂಗಳಲ್ಲಿ, ಥಂಡರ್ ಡಾರ್ಟ್‌ನ ಟೂ-ವೇ ಒಪ್ಪಂದವನ್ನು ನಾಲ್ಕು ವರ್ಷಗಳ ಪೂರ್ಣ ಒಪ್ಪಂದವನ್ನಾಗಿ ಬದಲಾಯಿಸಿತು. ದಿನ ಎಣಿಸುವ ಕಷ್ಟ ಅಲ್ಲಿಗೆ ಮುಗಿಯಿತು. ಒರ್ಲ್ಯಾಂಡೊ ಬಳಿಯ ಡಿಸ್ನಿ ಆವರಣದಲ್ಲಿ, ಪ್ರೇಕ್ಷಕರಿಲ್ಲದ ಅಂಗಳಗಳಲ್ಲಿ ಲೀಗ್ ಮತ್ತೆ ಶುರುವಾದಾಗ, ಋತುವಿನ ಕೊನೆಯಲ್ಲಿ ಚಾಂಪಿಯನ್‌ನನ್ನು ನಿರ್ಧರಿಸುವ ಪ್ಲೇಆಫ್‌ನ ಮೊದಲ ಸುತ್ತಿನ ಏಳು ಪಂದ್ಯಗಳವರೆಗಿನ ಸರಣಿಯಲ್ಲಿ ಥಂಡರ್‌ಗೆ ಎದುರಾದದ್ದು ಹ್ಯೂಸ್ಟನ್ ರಾಕೆಟ್ಸ್, ಅಂದರೆ ಜೇಮ್ಸ್ ಹಾರ್ಡನ್.

ಆ ಹೊತ್ತಿನ ಹಾರ್ಡನ್ ಎಂದರೆ ಏನು ಎಂಬುದನ್ನು ಈಗ ಕೆಲವರು ಮರೆತಿದ್ದಾರೆ. 2018ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ, ಸತತ ಮೂರು ಋತುಗಳಲ್ಲಿ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವನು, 2019-20ರ ಸರಾಸರಿ ಪಂದ್ಯಕ್ಕೆ 34.3. ಎಡಗೈ ಆಟಗಾರನಾದ ಅವನು ಚೆಂಡನ್ನು ಕಾಲುಗಳ ನಡುವೆ ಪುಟಿಸುತ್ತ, ಎದುರಿನವನ ಭಾರ ಯಾವ ಪಾದದ ಮೇಲಿದೆ ಎಂದು ಕಾಯುತ್ತ, ಥಟ್ಟನೆ ಹಿಂದಕ್ಕೆ ಜಿಗಿದು, ದೂರದ ಗೆರೆಯ ಆಚೆಯಿಂದ ಮೂರು ಅಂಕದ ಎಸೆತ ಎಸೆಯುತ್ತಿದ್ದ. ಆ ಜಿಗಿತಕ್ಕೆ ಹೆದರಿ ಮುಂದೆ ಬಂದರೆ ಪಕ್ಕದಿಂದ ನುಗ್ಗುತ್ತಿದ್ದ. ಕೈ ಅಡ್ಡ ಬಂದರೆ ಆ ಕೈಯನ್ನೇ ತನ್ನ ತೋಳಿಗೆ ಸಿಕ್ಕಿಸಿಕೊಂಡು ಎಸೆದು ಫೌಲ್ ಪಡೆಯುತ್ತಿದ್ದ. ಆ ಋತುವಿನಲ್ಲಿ ಪಂದ್ಯಕ್ಕೆ ಸುಮಾರು 12 ಫ್ರೀ ಥ್ರೋಗಳಿಗಾಗಿ ಅವನು ಗೆರೆಯ ಮೇಲೆ ನಿಂತದ್ದು ಸುಮ್ಮನೆ ಅಲ್ಲ. ಅನುಭವಿ ಡಿಫೆಂಡರ್‌ಗಳೇ ಸೋತು ಸುಣ್ಣವಾಗಿದ್ದ ಇಂತಹ ಆಟಗಾರನ ಎದುರು, ಮಂಡಿ ನೋವಿನಿಂದಾಗಿ ಮೊದಲ ಪಂದ್ಯವನ್ನು ತಪ್ಪಿಸಿಕೊಂಡಿದ್ದ 21 ವರ್ಷದ ಹೊಸಬನನ್ನು ಥಂಡರ್ ಎರಡನೆಯ ಪಂದ್ಯದಿಂದ ನಿಲ್ಲಿಸಿತು.

ಮುಂದಿನ ಎರಡು ವಾರಗಳಲ್ಲಿ ನಾನು ಕಂಡದ್ದನ್ನು ಹೀಗೆ ಹೇಳಬಹುದು: ಡಾರ್ಟ್ ಹಾರ್ಡನ್‌ನ ಎಸೆತಗಳನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅವನ ನೆಮ್ಮದಿಯನ್ನು ಕಸಿದುಕೊಂಡ. ಸಾಮಾನ್ಯವಾಗಿ ಹಾರ್ಡನ್ ಅಂಗಳದ ನಡುವೆ ನಿಂತು, ಎಲ್ಲರನ್ನೂ ಬದಿಗೆ ಕಳುಹಿಸಿ, ತನ್ನ ಲಯಕ್ಕೆ ತಾನೇ ತಾಳ ಹಾಕಿಕೊಂಡು ಆಟವನ್ನು ಆರಂಭಿಸುತ್ತಿದ್ದ. ಡಾರ್ಟ್ ಅವನನ್ನು ಮೂರು ಅಂಕದ ಗೆರೆಗಿಂತ ಬಹಳ ಹಿಂದೆಯೇ ಹಿಡಿದುಕೊಳ್ಳುತ್ತಿದ್ದ. ಹಾರ್ಡನ್‌ನ ಕೈಗೆ ಚೆಂಡು ಬರುವುದಕ್ಕೆ ಮುನ್ನವೇ ಅವನ ಮೈಗೆ ಮೈ ತಾಗಿಸಿ ನಿಲ್ಲುತ್ತಿದ್ದ. ಬುಟ್ಟಿಯತ್ತ ಎಸೆಯಲು ತಂಡಕ್ಕೆ ಸಿಗುವ 24 ಸೆಕೆಂಡುಗಳಲ್ಲಿ ಹೀಗೆ ಐದಾರು ಸೆಕೆಂಡುಗಳು ಚೆಂಡನ್ನು ಪಡೆಯುವುದಕ್ಕೇ ಹೋದರೆ, ಉಳಿದ ಆಟವೆಲ್ಲ ಅವಸರದ್ದಾಗುತ್ತದೆ. ಹಿಂದಕ್ಕೆ ಜಿಗಿದಾಗ ಡಾರ್ಟ್ ಕೈ ಬೀಸಲಿಲ್ಲ, ಒಂದು ಉದ್ದನೆಯ ಹೆಜ್ಜೆ ಇಟ್ಟು ಎದೆಯನ್ನು ಮತ್ತೆ ಹತ್ತಿರ ತಂದ. ಹಾರ್ಡನ್ ಅಂಕ ಗಳಿಸಲಿಲ್ಲವೆಂದಲ್ಲ. ಗಳಿಸಿದ, ಕೆಲವು ಪಂದ್ಯಗಳಲ್ಲಿ ಬಹಳವೇ ಗಳಿಸಿದ. ಆದರೆ ಒಂದೊಂದು ಅಂಕಕ್ಕೂ ಬೆವರು ಸುರಿಸಬೇಕಾಯಿತು, ಅಭಿಮಾನಿಗಳ ಬಾಯಲ್ಲಿ 'ಡಾರ್ಚರ್ ಚೇಂಬರ್' (ಡಾರ್ಟ್ ಮತ್ತು ಚಿತ್ರಹಿಂಸೆ ಎಂಬರ್ಥದ 'ಟಾರ್ಚರ್' ಸೇರಿದ ಪದಚಮತ್ಕಾರ) ಎಂಬ ಹೆಸರು ಡಾರ್ಟ್‌ಗೆ ಅಂಟಿಕೊಂಡಿತು.

ಇಷ್ಟೇ ಆಗಿದ್ದರೆ ಈ ಕತೆ ಸರಳವಾಗಿರುತ್ತಿತ್ತು. ಆದರೆ ಒಬ್ಬ ಡಿಫೆಂಡರ್ ಅಂಗಳದಲ್ಲಿ ಉಳಿಯಬೇಕಾದರೆ ತನ್ನ ತಂಡದ ಕೈಯಲ್ಲಿ ಚೆಂಡು ಇರುವಾಗಲೂ ಅವನಿಂದ ಏನಾದರೂ ಪ್ರಯೋಜನ ಇರಬೇಕು, ಇಲ್ಲದಿದ್ದರೆ ಎದುರಾಳಿಗಳು ಅವನನ್ನು ಬಿಟ್ಟು ಉಳಿದ ನಾಲ್ವರನ್ನು ಐವರು ಸೇರಿ ಮುತ್ತುತ್ತಾರೆ. ರಾಕೆಟ್ಸ್ ಮಾಡಿದ್ದು ಅದನ್ನೇ. ಡಾರ್ಟ್ ಬದಿಯಲ್ಲಿ ಒಬ್ಬನೇ ನಿಂತಿದ್ದರೂ ಯಾರೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಬೇಕಾದರೆ ಎಸೆ ಎಂಬಂತೆ ಬಿಟ್ಟುಬಿಡುತ್ತಿದ್ದರು. ಐದನೆಯ ಪಂದ್ಯದಲ್ಲಿ ಅವನು ದೂರದಿಂದ 9 ಬಾರಿ ಎಸೆದ, ಒಂದೂ ಬುಟ್ಟಿಗೆ ಬೀಳಲಿಲ್ಲ. ಥಂಡರ್ 114–80ರಿಂದ ಸೋತಿತು. ಆ ಪಂದ್ಯವನ್ನು ನೋಡುವುದು ನನಗೆ ನಿಜಕ್ಕೂ ಕಷ್ಟವಾಗಿತ್ತು. ಡ್ರಾಫ್ಟ್ ರಾತ್ರಿ ಅವನನ್ನು ಕೈಬಿಟ್ಟ ತಂಡಗಳ ಅನುಮಾನವನ್ನೇ ಈಗ ಒಂದು ತಂಡ ತನ್ನ ತಂತ್ರವನ್ನಾಗಿ ಮಾಡಿಕೊಂಡು, ಇಡೀ ಜಗತ್ತಿನ ಎದುರು ಅವನ ಮೇಲೆ ಪ್ರಯೋಗಿಸುತ್ತಿತ್ತು. ಒಂದೊಂದು ಎಸೆತ ತಪ್ಪಿದಾಗಲೂ ಅವನು ತಲೆ ತಗ್ಗಿಸದೆ ತಿರುಗಿ ಓಡಿ ಹಾರ್ಡನ್‌ನನ್ನು ಹುಡುಕಿಕೊಂಡು ಹೋಗುತ್ತಿದ್ದ ಎಂಬುದಷ್ಟೇ ಸಮಾಧಾನ.

ಆರನೆಯ ಪಂದ್ಯವನ್ನು ಥಂಡರ್ ಗೆದ್ದಿತು. ಸೆಪ್ಟೆಂಬರ್ 2ರ ರಾತ್ರಿ ಏಳನೆಯ ಪಂದ್ಯ. ಅಂದು ಡಾರ್ಟ್ 30 ಅಂಕ ಗಳಿಸಿದ, ಅದರಲ್ಲಿ ಆರು ಮೂರು ಅಂಕದ ಎಸೆತಗಳು. ರಾಕೆಟ್ಸ್ ಎಂದಿನಂತೆ ಅವನನ್ನು ಬಿಟ್ಟುಬಿಟ್ಟಿತ್ತು, ಅವನು ಐದನೆಯ ಪಂದ್ಯವೇ ನಡೆದಿಲ್ಲವೆಂಬಂತೆ ಎಸೆದ. ಇನ್ನೊಂದು ಬದಿಯಲ್ಲಿ ಹಾರ್ಡನ್ 15 ಎಸೆತಗಳಲ್ಲಿ ನಾಲ್ಕನ್ನು ಮಾತ್ರ ಬುಟ್ಟಿಗೆ ಹಾಕಿ 17 ಅಂಕಕ್ಕೆ ನಿಂತ. ಋತುವಿನ ಸರಾಸರಿಯ ಅರ್ಧದಷ್ಟು ಎಂದರೆ, ಮೊದಲ ವರ್ಷದ ಆಟಗಾರನೊಬ್ಬನ ಕಾವಲಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ ಎಂದು ನಾನು ಅಂದುಕೊಂಡೆ. ಕೊನೆಯ ಕ್ಷಣಗಳಲ್ಲಿ ಥಂಡರ್ ಒಂದೇ ಅಂಕದಿಂದ ಹಿಂದಿತ್ತು. ಇನ್ನು ಐದು ಸೆಕೆಂಡುಗಳಷ್ಟು ಉಳಿದಿರುವಾಗ ಚೆಂಡು ಡಾರ್ಟ್‌ನ ಕೈಗೆ ಬಂತು, ಅವನು ಮೂರು ಅಂಕದ ಗೆರೆಯ ಆಚೆಯಿಂದ ಎಸೆಯಲು ಮೇಲೆದ್ದ, ಓಡಿ ಬಂದ ಹಾರ್ಡನ್ ಎದುರಿಗೆ ಜಿಗಿದು ಆ ಎಸೆತವನ್ನು ಕೈಯಿಂದ ತಡೆದುಬಿಟ್ಟ. ರಾಕೆಟ್ಸ್ 104–102ರಿಂದ ಗೆದ್ದಿತು. ಎರಡು ವಾರಗಳ ಕಾಲ ಡಾರ್ಟ್‌ನ ಕಾವಲಿನಲ್ಲಿ ಉಸಿರುಗಟ್ಟಿದ್ದ ಹಾರ್ಡನ್ ಕೊನೆಗೆ ತನ್ನ ತಂಡವನ್ನು ಉಳಿಸಿಕೊಂಡದ್ದು ಅಂಕ ಗಳಿಸುವುದರಿಂದ ಅಲ್ಲ, ಡಾರ್ಟ್‌ನದೇ ಕಸುಬಿನಿಂದ. ಆ ತಡೆಯನ್ನು ನೋಡಿದಾಗ ನನಗೆ ಸೋಲಿನ ನೋವಿನ ಜೊತೆಗೆ ಗೌರವವೂ ಹುಟ್ಟಿತು, ಇಬ್ಬರ ಬಗ್ಗೆಯೂ.

ಡ್ರಾಫ್ಟ್‌ನಲ್ಲಿ ಆಯ್ಕೆಯಾಗದವರು ರಕ್ಷಣೆಯ ದಾರಿಯಿಂದಲೇ ಒಳಗೆ ಬರುವುದು ಏಕೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅಂಗಳದಲ್ಲಿ ಚೆಂಡು ಒಂದೇ. ದೊಡ್ಡ ಸಂಬಳದ, ಮೊದಲ ಸುತ್ತಿನಲ್ಲಿ ಆಯ್ಕೆಯಾದ ಆಟಗಾರರ ನಡುವೆ ಅದು ಹಂಚಿಹೋದ ಮೇಲೆ ಹೊಸಬನಿಗೆ ಉಳಿಯುವುದು ಏನೂ ಇಲ್ಲ. ರಕ್ಷಣೆಗೆ ಮಾತ್ರ ಚೆಂಡು ಬೇಡ, ಯಾರ ಪಾಲನ್ನೂ ಕೇಳಬೇಕಾಗಿಲ್ಲ. ತಂಡದ ಅತಿ ಕಷ್ಟದ ಕೆಲಸವನ್ನು ನಾನು ಮಾಡುತ್ತೇನೆ ಎಂದು ಮುಂದೆ ಬಂದವನನ್ನು ಯಾವ ತರಬೇತುದಾರನೂ ಬೇಡವೆನ್ನುವುದಿಲ್ಲ. ಬ್ರೂಸ್ ಬೋವನ್ ಹೀಗೆಯೇ ಬಂದವರು. 1993ರಲ್ಲಿ ಆಯ್ಕೆಯಾಗದೆ ಉಳಿದು, ಫ್ರಾನ್ಸ್‌ನಲ್ಲಿಯೂ ಸಣ್ಣ ಲೀಗ್‌ಗಳಲ್ಲಿಯೂ ಆಡಿ, 1996-97ರಲ್ಲಿ ಮಯಾಮಿ ಪರವಾಗಿ ಒಂದೇ ಪಂದ್ಯದಲ್ಲಿ ಒಂದೇ ನಿಮಿಷ ಅಂಗಳ ಕಂಡವರು, ಮುಂದೆ ಸ್ಯಾನ್ ಆಂಟೊನಿಯೊ ಸ್ಪರ್ಸ್ ತಂಡದಲ್ಲಿ ಮೂರು ಬಾರಿ ಚಾಂಪಿಯನ್ ಆದರು. ಅಂಗಳದ ಮೂಲೆಯಿಂದ ಮೂರು ಅಂಕದ ಎಸೆತವೊಂದನ್ನೇ ಪಳಗಿಸಿಕೊಂಡು, ತಮ್ಮನ್ನು ಯಾರೂ ಬಿಟ್ಟು ಹೋಗದಂತೆ ನೋಡಿಕೊಂಡವರು ಅವರು. 2020ರ ಆ ಐದನೆಯ ಪಂದ್ಯದ ನಂತರ ಡಾರ್ಟ್‌ನ ಮುಂದಿದ್ದ ದಾರಿಯೂ ಅದೇ.

ಬೆನ್ ವಾಲೆಸ್ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. 1996ರಲ್ಲಿ ಆಯ್ಕೆಯಾಗದ ಈ ಆಟಗಾರ ನಾಲ್ಕು ಬಾರಿ ಲೀಗ್‌ನ ವರ್ಷದ ಶ್ರೇಷ್ಠ ಡಿಫೆಂಡರ್ ಆದರು, 2004ರಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ಜೊತೆ ಚಾಂಪಿಯನ್ ಆದರು, 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅವರ ವೃತ್ತಿಜೀವನದ ಸರಾಸರಿ ಪಂದ್ಯಕ್ಕೆ 5.7 ಅಂಕ. ಈ ಅಂಕಿಯನ್ನು ನಾನು ಆಗಾಗ ನೆನಪಿಸಿಕೊಳ್ಳುತ್ತೇನೆ.

ಆದರೆ ವಾಲೆಸ್‌ಗೆ ರೀಬೌಂಡ್‌ಗಳಿದ್ದವು (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), ಬ್ಲಾಕ್‌ಗಳಿದ್ದವು (ಎಸೆತವನ್ನು ಕೈಯಿಂದ ತಡೆಯುವುದು). ಎಣಿಸುವವರ ಕೈಗೆ ಏನಾದರೂ ಸಿಗುತ್ತಿತ್ತು. ಡಾರ್ಟ್‌ನಂತಹ ಹೊರವಲಯದ ಡಿಫೆಂಡರ್‌ನ ಪಾಡು ಇನ್ನೂ ಕಷ್ಟದ್ದು. ಬ್ಲಾಕ್‌ಗಳನ್ನು ಮತ್ತು ಎದುರಾಳಿಯಿಂದ ಚೆಂಡನ್ನು ಕಸಿಯುವ ಸ್ಟೀಲ್‌ಗಳನ್ನು ಎನ್‌ಬಿಎ ಎಣಿಸಲು ಆರಂಭಿಸಿದ್ದೇ 1973-74ರಲ್ಲಿ, ಈ ಎರಡರಲ್ಲಿಯೂ ಡಾರ್ಟ್‌ನ ಅಂಕಿಗಳು ಸಾಧಾರಣವೇ. ಏಕೆಂದರೆ ಸ್ಟೀಲ್‌ಗಾಗಿ ಕೈ ಹಾಕುವವನು ತಪ್ಪಿದಾಗ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ, ಡಾರ್ಟ್ ಆ ಜೂಜಿಗೆ ಸುಲಭವಾಗಿ ಇಳಿಯುವುದಿಲ್ಲ. 2013ರ ನಂತರ ಅಂಗಳದ ಮೇಲಿಂದ ಪ್ರತಿಯೊಬ್ಬನ ಚಲನೆಯನ್ನೂ ಹಿಡಿಯುವ ಕ್ಯಾಮೆರಾಗಳು ಎಲ್ಲ ಕ್ರೀಡಾಂಗಣಗಳಿಗೂ ಬಂದವು, ಯಾರು ಯಾರನ್ನು ಕಾಯುತ್ತಿದ್ದಾಗ ಏನಾಯಿತು ಎಂಬ ಲೆಕ್ಕವೂ ಈಗ ದೊರೆಯುತ್ತದೆ. ಅದು ಒಳ್ಳೆಯದೇ. ಆದರೂ ಎಸೆಯಬೇಕೆಂದಿದ್ದವನು ಡಾರ್ಟ್‌ನನ್ನು ನೋಡಿ ಎಸೆಯದೆ ಚೆಂಡನ್ನು ಬೇರೆಯವರಿಗೆ ಕೊಟ್ಟಾಗ, ಆ ಮನಸ್ಸು ಬದಲಾಯಿಸಿದ ಕ್ಷಣ ಯಾವ ಕ್ಯಾಮೆರಾಕ್ಕೂ ಪೂರ್ತಿಯಾಗಿ ಸಿಗುವುದಿಲ್ಲ. ಅದನ್ನು ಕಾಣಲು ಪಂದ್ಯವನ್ನು ಕೂತು ನೋಡಬೇಕು.

ಡಾರ್ಟ್ ಆಮೇಲೆ ಎಸೆತವನ್ನು ತಿದ್ದಿಕೊಂಡ. ಅದು ಒಂದು ವರ್ಷದ ಕೆಲಸವಾಗಿರಲಿಲ್ಲ. ಮೊದಲ ಋತುವಿನಲ್ಲಿ ದೂರದ ಎಸೆತಗಳಲ್ಲಿ ಶೇಕಡ 30ರ ಮಟ್ಟವನ್ನೂ ತಲುಪದಿದ್ದವನು 2024-25ರಲ್ಲಿ ಶೇಕಡ 41ನ್ನು ದಾಟಿದ. ನಡುವೆ 2022ರಲ್ಲಿ ತಂಡ ಅವನೊಂದಿಗೆ ಐದು ವರ್ಷಗಳ 8.75 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. 2023ರ ವಿಶ್ವಕಪ್‌ನಲ್ಲಿ ಕೆನಡಾ ಅಮೆರಿಕವನ್ನು ಸೋಲಿಸಿ ಕಂಚು ಗೆದ್ದಾಗಲೂ ಅವನು ಆ ತಂಡದಲ್ಲಿದ್ದ. ಈಗ ಅವನನ್ನು ಮೂಲೆಯಲ್ಲಿ ಒಬ್ಬನೇ ಬಿಟ್ಟು ಹೋಗುವ ಧೈರ್ಯ ಯಾವ ತಂಡಕ್ಕೂ ಸುಲಭವಾಗಿ ಬರುವುದಿಲ್ಲ.

2024-25ರ ಋತುವಿನಲ್ಲಿ ಥಂಡರ್ 82ರಲ್ಲಿ 68 ಪಂದ್ಯಗಳನ್ನು ಗೆದ್ದಿತು. ಆ ತಂಡದಲ್ಲಿ ಡಾರ್ಟ್‌ನ ಜೊತೆಗೆ ಅಲೆಕ್ಸ್ ಕರೂಸೊ ಇದ್ದ. ಅವನೂ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದವನು, ಅವನೂ 2016-17ರಲ್ಲಿ ಅದೇ ಓಕ್ಲಹೋಮ ಸಿಟಿ ಬ್ಲೂ ತಂಡದಲ್ಲಿ ಆಡಿ ಹೋದವನು. ಆಗ ಬ್ಲೂ ತಂಡಕ್ಕೆ ತರಬೇತಿ ಕೊಡುತ್ತಿದ್ದ ಮಾರ್ಕ್ ಡೇಗ್ನಾಲ್ಟ್ ಈಗ ಥಂಡರ್‌ನ ಮುಖ್ಯ ತರಬೇತುದಾರರು. ಪ್ಲೇಆಫ್‌ನ ಎರಡನೆಯ ಸುತ್ತಿನ ಏಳನೆಯ ಪಂದ್ಯದಲ್ಲಿ ಆರೂವರೆ ಅಡಿಯನ್ನೂ ಮುಟ್ಟದ ಕರೂಸೊ ಏಳು ಅಡಿಯ ಹತ್ತಿರದ, ಡೆನ್ವರ್ ನಗೆಟ್ಸ್ ತಂಡದ ನಿಕೊಲಾ ಯೋಕಿಚ್‌ನ ಮುಂದೆ ನಿಂತು ಕಾದಾಡಿದ್ದನ್ನು ನೋಡುವಾಗ ನನಗೆ ಆ ಖಾಲಿ ಅಂಗಳದ ಡಾರ್ಟ್ ನೆನಪಾದ. ಅದೇ ವಸಂತದಲ್ಲಿ ಲೀಗ್‌ನ ಆಲ್-ಡಿಫೆನ್ಸಿವ್ ಮೊದಲ ತಂಡವನ್ನು, ಅಂದರೆ ವರ್ಷದ ಐವರು ಅತ್ಯುತ್ತಮ ಡಿಫೆಂಡರ್‌ಗಳ ಪಟ್ಟಿಯನ್ನು, ಪ್ರಕಟಿಸಿದರು. ಡ್ರಾಫ್ಟ್‌ನಲ್ಲಿ ಕೂಗದೆ ಉಳಿದ ಹೆಸರು ಆ ಐದು ಹೆಸರುಗಳಲ್ಲಿ ಒಂದಾಗಿತ್ತು. ಜೂನ್ 22ರಂದು ಇಂಡಿಯಾನಾ ಪೇಸರ್ಸ್ ವಿರುದ್ಧದ ಫೈನಲ್ ಸರಣಿಯ ಏಳನೆಯ ಪಂದ್ಯವನ್ನು ಥಂಡರ್ 103–91ರಿಂದ ಗೆದ್ದು ಚಾಂಪಿಯನ್ ಆಯಿತು. ಆ ಪಂದ್ಯದ ಅಂಕಪಟ್ಟಿಯಲ್ಲಿಯೂ ನಾನು ಮೊದಲು ಓದಿದ್ದು ಪೇಸರ್ಸ್ ಆಟಗಾರರ ಸಾಲುಗಳನ್ನೇ.